ಹೊರಟ ಹೊತ್ತು, ಮರಳಿದ ಹೊತ್ತು

“ಯಾವ ಗಾಡಿ ಬಿಡುವಾಗಿದೆ ಅಂತ ಕೇಳಿದ್ರೆ ನಿನ್ನ ಈ ಕಂಪ್ಯೂಟರ್ ವ್ಯವಸ್ಥೆ ಗರ ಬಡಿದ ಹಾಗೆ ಕೂತಿದೆಯಲ್ಲಮ್ಮ! ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಕಿತ್ತು ಹಾಕಿಸ್ತೀನಿ,” ಎಂದು ಆಂಬ್ಯುಲೆನ್ಸ್ ಕೇಂದ್ರದ ಮ್ಯಾನೇಜರು ಪರದೆಯ ಮೇಲೆ ಬೆರಳು ಕುಟ್ಟಿದರು.

ಅದನ್ನು ಕಿತ್ತು ಹಾಕಿದರೆ ಪರದೆಯ ಮುಂದೆ ಕೂತಿದ್ದ ತನ್ನ ಹೆಂಡತಿಯ ಕೆಲಸವೂ ಹೋಗುತ್ತದೆಂದು ಬಾಗಿಲಲ್ಲಿ ನಿಂತಿದ್ದ ಡ್ರೈವರನಿಗೆ ಗೊತ್ತಿತ್ತು. ಆ ವ್ಯವಸ್ಥೆ ಕಟ್ಟಿದವಳೇ ಅವಳು. ಅವಳ ಕೆಲಸವೇನೆಂದು ಯಾರಾದರೂ ಕೇಳಿದರೆ ‘ಏನೋ ಕಂಪ್ಯೂಟರಿಂದು’ ಎಂದು ಇವನು ಜಾರಿಕೊಳ್ಳುತ್ತಿದ್ದ. ಇವತ್ತು ಕಣ್ಣಾರೆ ನೋಡುವ ಯೋಗ.

ಅವಳು ಗಾಬರಿಯಾಗಲಿಲ್ಲ. “ಸಾರ್, ಪ್ರತಿ ಓಡಾಟಾನೂ ಇದರಲ್ಲಿ ಹೊರಟ ಹೊತ್ತಿಂದ ಬಂದ ಹೊತ್ತಿನವರೆಗೆ ಒಂದು ತುಂಡು. ಎಲ್ಲಾನೂ ಓದ್ತಾ ಕೂತ್ರೆ ಆಗಲ್ಲ. ಒಂದಷ್ಟನ್ನ ಹೆಕ್ಕಿ ನೋಡಿ, ಹೇಗೆ ಹುಡುಕಿದ್ರೆ ಬೇಗ ಸಿಗತ್ತೆ ಅಂತ ಅಂದಾಜು ಮಾಡತ್ತೆ. ಅಂದಾಜು ಹಳೇದಾಗಿದೆ, ಅಷ್ಟೇ.”

ಒಂದು ಸಾಲಿನ ಆಜ್ಞೆ ಒತ್ತಿದಳು; ಡೇಟಾಬೇಸು ಹೊಸದಾಗಿ ಅಂದಾಜು ಕಟ್ಟಿಕೊಂಡಿತು. ಇನ್ನೊಂದು ಸಾಲಿಗೆ ತನಗೆ ತಿಳಿದದ್ದನ್ನೆಲ್ಲ ಹರವಿಟ್ಟಿತು: ಗಾಡಿಗಳು ಹೊರಡುವುದು, ಮರಳುವುದು ಯಾವ ಹೊತ್ತುಗಳಲ್ಲಿ, ಓಡಾಟಗಳು ಎಷ್ಟೆಷ್ಟು ಉದ್ದ, ಎಷ್ಟು ಪಾಲು ಖಾಲಿ. ತಾವು ವರ್ಷಗಟ್ಟಲೆ ಓಡಿದ್ದೆಲ್ಲ ಅಂಗೈಯಗಲದಲ್ಲಿ ಕೂತಿದ್ದು ಕಂಡು ಅವನಿಗೆ ಹೆಮ್ಮೆ ಉಕ್ಕಿತು. ಇವಳ ಕೈಯಡುಗೆಗೆ ಉಪ್ಪು ಕಮ್ಮಿ ಎಂದು ಗೊಣಗುವ ಬಾಯಿ ಇವತ್ತು ಮುಚ್ಚಿಕೊಂಡೇ ಇತ್ತು.

ಮ್ಯಾನೇಜರು ಮತ್ತೆ ಕೇಳಿದರು. ಉತ್ತರ ಥಟ್ಟನೆ ಬಂತು. “ಭೇಷ್ ಕಣಮ್ಮ! ಇದು ಇರ್ಲಿ ಬಿಡು,” ಎಂದು ಟೀ ಕುಡಿಯಲು ಹೋದರು.

ಅವಳು ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇದೇನ್ರೀ, ಐದರಲ್ಲೊಂದು ಖಾಲಿ? ಹೊರಟಿದ್ದೂ ಬಂದಿದ್ದೂ ಒಂದೇ ಹೊತ್ತು ಅಂತ ಯಾರು ಒತ್ತೋದು?”

“ನಾವೇ ಕಣೇ, ಡ್ರೈವರುಗಳು. ಕರೆ ರದ್ದಾದ್ರೆ ಫೋನಲ್ಲಿ ಹಾಗೆ ಒತ್ತಿಬಿಡ್ತೀವಿ.”

“ಇಷ್ಟೊಂದು ರದ್ದಾಗತ್ತಾ?”

ಅವನು ಬೀಗದ ಕೈ ತಿರುವುತ್ತ ನಿಂತ. “ನಾವು ಹೋಗೋಷ್ಟರಲ್ಲಿ ಜೀವ ಹೋಗಿರತ್ತಲ್ಲ, ಅವಾಗ್ಲೂ ಹಾಗೇ. ಕರ್ಕೊಂಡು ಬರೋಕೆ ಯಾರೂ ಇಲ್ವಲ್ಲ. ಏನಂತ ಬರೆಯೋದು?”

“ಎರಡೂ ಒಂದೇ ಆದ್ರೆ ಇದು ಹೊತ್ತನ್ನೂ ಇಟ್ಕೊಳಲ್ಲ ರೀ,” ಎಂದಳು ಮೆಲ್ಲಗೆ. “ಬರೀ ಖಾಲಿ ಅಂತ ಇಟ್ಕೊಳತ್ತೆ. ನೀವು ಯಾವಾಗ ಹೋದ್ರಿ, ಎಷ್ಟೊತ್ತು ಓಡಿದ್ರಿ, ಯಾವುದೂ ಉಳಿಯಲ್ಲ.”

ಅಷ್ಟರಲ್ಲಿ ಕರೆ ಬಂತು. ಅವನು ಓಡಿದ.

ಮರಳಿ ಬಂದಾಗ ಸ್ಟ್ರೆಚರಿನ ಬಿಳಿ ಹೊದಿಕೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅವನು ಗಾಡಿಯಿಂದ ಇಳಿಯಲಿಲ್ಲ. ಫೋನು ತೆಗೆದ. ಹೆಬ್ಬೆರಳು ರೂಢಿಯಂತೆ ಎರಡೂ ಕಡೆ ಒಂದೇ ಹೊತ್ತು ಒತ್ತಿತು. ಅಳಿಸಿದ. ಹೊರಟದ್ದು ಎರಡೂಕಾಲು, ಬಂದದ್ದು ಮೂರೂವರೆ.

ಕಿಟಕಿಯ ಗಾಜಿನಾಚೆ, ಪರದೆಯ ಮೇಲೆ ಆ ಎರಡು ಹೊತ್ತುಗಳು ಮೂಡಿದ್ದು ಕಂಡ ಅವಳು ಕುರ್ಚಿಯಿಂದ ನಿಧಾನಕ್ಕೆ ಎದ್ದು ನಿಂತಳು.