ಹನ್ನೊಂದು ಮೊಳೆಯ ಕೊರಳಪಟ್ಟಿ

ಹಗ್ಗ ಬಿಗಿಯಿತು. ನನ್ನ ಹನ್ನೊಂದು ಮೊಳೆಗಳೂ ಒಮ್ಮೆಗೇ ನಾಯಿಯ ಕುತ್ತಿಗೆಗೆ ಇಳಿದವು. ನಾಯಿ ಕುಂಯ್ಯೆಂದು ಕುಸಿದು, ಮತ್ತೆ ಎದ್ದು ನಿಂತಿತು. ಹತ್ತು ಮಾರು ದೂರದಲ್ಲಿ ಕುರಿಮರಿಯೊಂದು ಹುಲ್ಲು ಮೂಸುತ್ತಿತ್ತು.

"ನೋಡ್ತಿ? ಕುರಿ ಕಡೆ ಇನ್ನೊಮ್ಮಿ ನೋಡ್ತಿ?" ಮುತ್ತೆಪ್ಪ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. "ಟೈಗರ್! ಇತ್ಲಾಗ ನೋಡಲೇ!"

ನಾಯಿ ಕುರಿಯನ್ನೇ ನೋಡಿತು. ಹಗ್ಗ ಮತ್ತೆ ಬಿಗಿಯಿತು.

ಮೂರನೆಯ ಸಲ ಕುರಿಮರಿ ಏನೂ ಅರಿಯದೆ ಕುಪ್ಪಳಿಸುತ್ತ ಹತ್ತಿರವೇ ಬಂದುಬಿಟ್ಟಿತು. ಮುತ್ತೆಪ್ಪ ಗಾಬರಿಯಾಗಿ ಮೈಭಾರವನ್ನೆಲ್ಲ ಹಾಕಿ ಎಳೆದ. ಮೊಳೆ ಇಳಿದ ಕ್ಷಣವೇ ನಾಯಿ ಹಾರಿ ಮರಿಯ ಹಿಂಗಾಲಿಗೆ ಬಾಯಿ ಹಾಕಿತು. ಹಾಕಿದಷ್ಟೇ ಬೇಗ ಬಿಟ್ಟಿತು. ಅಷ್ಟರಲ್ಲಿ ರಕ್ತ ಬಂದಿತ್ತು, ತಾಯಿಕುರಿ ಅರಚಿತ್ತು, ಹಟ್ಟಿಯ ಜನರೆಲ್ಲ ಹೊರಗೆ ಬಂದಿದ್ದರು.

ಈ ಕೆಲಸಕ್ಕೆಂದು ನನ್ನನ್ನು ಮಾಡಿದ್ದಲ್ಲ.

ನಾನು ಒಂದು ಕೊರಳಪಟ್ಟಿ. ಎಮ್ಮೆಯ ಬೆನ್ನಿನ ದಪ್ಪ ತೊಗಲಿನಿಂದ ಹುಟ್ಟಿದ್ದು. ನನ್ನನ್ನು ಹೊಲಿದವಳು ಸಂತೆಯ ಮೂಲೆಯಲ್ಲಿ ಗಂಡನ ಪಕ್ಕ ಕೂರುತ್ತಿದ್ದ ಕಾಳವ್ವ. ಗಂಡ ಚಪ್ಪಲಿ ಹೊಲಿಯುತ್ತಿದ್ದ. ಉಳಿದದ್ದೆಲ್ಲ ಅವಳ ಪಾಲು. ತೊಗಲನ್ನು ಎಂಟು ದಿನ ಎಣ್ಣೆಯಲ್ಲಿ ನೆನೆಸಿದಳು. ಕುಲುಮೆಯಿಂದ ತಂದ ಹನ್ನೊಂದು ಮೊಳೆಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಿ, ಮೊಳೆಯ ತಲೆಗಳ ಮೇಲೆ ಆಡಿನ ಮೆತ್ತನೆಯ ತೊಗಲು ಹೊದಿಸಿದಳು. ಕೊಳ್ಳಲು ಬಂದ ಮುದಿ ಕುರಿಗಾರ ಒಳಗೆ ಬೆರಳಾಡಿಸಿ ನಕ್ಕ.

"ಇಷ್ಟ್ಯಾಕವಾ ಮೆತ್ತಗ ಮಾಡೀದಿ? ನಾಯಿಗೇನು ಮದಿವಿ ಐತೇನು?"

"ಚೂಪಾಗಿರೂದು ತ್ವಾಳಕ್ಕ, ಮೆತ್ತಗಿರೂದು ನಾಯಿಗೆ. ತಿರುವಿ ಹಾಕಬ್ಯಾಡ ಮತ್ತ," ಎಂದಳು ಕಾಳವ್ವ.

ಮುದುಕ ತಿರುವಿ ಹಾಕಲಿಲ್ಲ. ಅವನ ನಾಯಿ ರಾಣಿಯ ಕೊರಳಲ್ಲಿ ನಾನು ಒಂಬತ್ತು ವರ್ಷ ಊರೂರು ತಿರುಗಿದೆ. ದೀಪಾವಳಿ ಮುಗಿದರೆ ಹಟ್ಟಿಯ ಹಿಂಡುಗಳೆಲ್ಲ ಒಂದಾಗಿ ಮೇವು ಹುಡುಕಿಕೊಂಡು ಹೊರಡುತ್ತಿದ್ದವು, ಮುಂಗಾರಿಗೆ ಮರಳುತ್ತಿದ್ದವು. ಒಂದು ಮುಂಜಾನೆ, ಹೊಳೆಯಾಚೆಯ ಕಲ್ಲುಗುಡ್ಡದಲ್ಲಿ, ತೋಳವೊಂದು ರಾಣಿಯ ಗಂಟಲಿಗೆ ಹಾರಿತು. ಅದರ ಬಾಯಿಗೆ ಸಿಕ್ಕಿದ್ದು ಗಂಟಲಲ್ಲ, ನಾನು. ತೋಳ ಊಳಿಡಲೂ ಆಗದೆ ಬಾಯಿ ತೆರೆದುಕೊಂಡೇ ಓಡಿತು. ಒಂದು ಕೊರಳಪಟ್ಟಿ ತನ್ನ ಜೀವಮಾನದಲ್ಲಿ ಹೆಮ್ಮೆಪಡಬಹುದಾದದ್ದು ಅಷ್ಟೇ, ಅದು ನನಗೆ ಸಿಕ್ಕಿತು.

ಮುದುಕನೂ ರಾಣಿಯೂ ಒಂದೇ ಬೇಸಿಗೆಯಲ್ಲಿ ಹೋದರು. ಕುರಿಗಳು ಇಬ್ಬರು ಮಕ್ಕಳಿಗೆ ಹಂಚಿಹೋದವು. ನಾನು ಕಿರಿಯವನಾದ ಮುತ್ತೆಪ್ಪನ ಪಾಲಿಗೆ ಬಂದೆ.

ಮುತ್ತೆಪ್ಪ ಕೆಟ್ಟವನಲ್ಲ. ಕುರಿ ಸತ್ತರೆ ಊಟ ಬಿಡುತ್ತಿದ್ದ. ಆದರೆ ಆತುರದವನು; ಬಿತ್ತಿದ ಮರುದಿನವೇ ಮಣ್ಣು ಕೆದರಿ ಮೊಳಕೆ ನೋಡುವಂಥವನು. ಎಳೆಯ ನಾಯಿ ಕುರಿಗಳ ಹಿಂದೆ ಓಡಬಾರದೆಂದು ಅದಕ್ಕೆ ಅವನು ಒಂದೇ ವಾರದಲ್ಲಿ ಕಲಿಸಬೇಕಿತ್ತು. ಹಾಗಾಗಿ ನನ್ನನ್ನು ತಿರುವಿ ಹಾಕಿದ. ಮೊಳೆ ಒಳಗಾದವು, ಆಡಿನ ಮೆತ್ತನೆಯ ತೊಗಲು ಹೊರಗೆ ಗಾಳಿಗೆ ಬಿತ್ತು.

ಕುತ್ತಿಗೆಯ ಮೇಲೇ ಇದ್ದ ನನಗೆ ನಾಯಿ ಕಲಿತದ್ದೇನೆಂದು ತಿಳಿಯುತ್ತಿತ್ತು. ಕುರಿ ಕಂಡಾಗ ನೋವು ಬರುತ್ತದೆ. ಕುರಿ ಕಾಣದಿದ್ದಾಗ ಬರುವುದಿಲ್ಲ. ಹಾಗಾದರೆ ನೋವನ್ನು ತರುವುದು ಕುರಿ. ಹಗ್ಗದ ಆ ತುದಿಯಲ್ಲಿ ಮುತ್ತೆಪ್ಪನಿದ್ದಾನೆಂಬುದು ಅದಕ್ಕೆ ಹೊಳೆಯಲೇ ಇಲ್ಲ.

ಹಟ್ಟಿಯ ಹಿರಿಯ ಅಮೋಘಪ್ಪ ಕುರಿಮರಿಯ ಕಾಲು ನೋಡಿ, ನಾಯಿಯನ್ನು ನೋಡಿ, ತೀರ್ಮಾನ ಹೇಳಿದ. "ರಕ್ತದ ರುಚಿ ಕಂಡೈತಿ. ಹೊಳಿ ದಾಟಿಸಿ ಬಿಟ್ಟುಬಾರಪಾ."

ಆಗ ಗುಂಪಿನ ಹಿಂದಿನಿಂದ ಜಕ್ಕವ್ವ ಮುಂದೆ ಬಂದಳು. ಮುತ್ತೆಪ್ಪನ ಅಣ್ಣ ಸೋಮಪ್ಪನ ಹೆಂಡತಿ. ಗೋಡೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಸೋಮಪ್ಪ ಮಗ್ಗದ ಮುಂದೆ ಕೂತು ಕಂಬಳಿ ನೇಯುತ್ತಿದ್ದ. ನಲವತ್ತು ಕುರಿಗಳ ಹಿಂದೆ ನಡೆಯುವವಳು ಇವಳೇ. ಇವಳಿಗೆ ನಾಯಿ ಬೇಕಿತ್ತು. ವಲಸೆ ಹೋಗುವ ಪ್ರತಿ ಮನೆಯವರೂ ರಾತ್ರಿ ಕುರಿ ಕೂಡುವ ದಡ್ಡಿಯ ಅಂಚಿನ ಕಾವಲಿಗೆ ಒಂದು ನಾಯಿ ಕೊಡಬೇಕು. ಕೊಡಲಾಗದವರ ಕುರಿ ಇನ್ನೊಬ್ಬರ ಹಿಂಡಿಗೆ ಸೇರುತ್ತವೆ. ಸೇರಿದ ಹಿಂಡಿನಲ್ಲಿ ಹುಟ್ಟುವ ಮರಿಗಳ ಕಿವಿಗೆ ಹಿಂಡಿನವನ ಗುರುತಿನ ಕಚ್ಚು ಬೀಳುತ್ತದೆ. ದೀಪಾವಳಿಯೊಳಗೆ ನಾಯಿ ಇಲ್ಲದಿದ್ದರೆ ಜಕ್ಕವ್ವನ ಕುರಿಗಳು ಮೈದುನನ ಹಿಂಡಿಗೆ ಸೇರಿ, ಎರಡೇ ವರ್ಷದಲ್ಲಿ ಅವಳ ಗುರುತೇ ಇಲ್ಲದಂತಾಗುತ್ತಿತ್ತು. ಆಗಿನ್ನೂ ನಾಗರಪಂಚಮಿ ಮುಗಿದಿತ್ತಷ್ಟೇ.

ಅಮೋಘಪ್ಪ ಅವಳನ್ನು ಬೇವಿನ ಬುಡಕ್ಕೆ ಕರೆದುಕೊಂಡು ಹೋದ. ಅವನ ನಾಯಿ ಅಲ್ಲಿ ಐದು ಮರಿ ಹಾಕಿತ್ತು. ಒಂದು ಮರಿಯನ್ನು ಕಿವಿ ಹಿಡಿದು ಎತ್ತಿದ. ಅದು ಕಿರುಚಿತು. ಇನ್ನೊಂದನ್ನು ಎತ್ತಿದ. ಅದು ತುಟಿಪಿಟಕ್ಕೆನ್ನದೆ ಜೋತಾಡಿತು.

"ಇದನ್ನ ಒಯ್ಯಿ. ಕಿವಿ ಹಿಡದ್ರೂ ಅಳಲಿಲ್ಲ, ಗಟ್ಟಿ ಐತಿ. ನಮ್ಮಜ್ಜನೂ ಹಿಂಗ ಆರಿಸ್ತಿದ್ದ."

"ಗಟ್ಟಿ ಅಲ್ಲ ಕಾಕಾ. ಅಂಜಿ ಉಸರ ಹಿಡಕೊಂಡೈತಿ. ಕೆಳಗಿಡ್ರಿ ಅದನ್ನ," ಎಂದಳು ಜಕ್ಕವ್ವ. ಮರಿಯ ಹೊಟ್ಟೆ ಸವರಿದಳು. "ಮ್ಯಾಲ ಇದು ದೊಡ್ಡದಾಗೂದ್ರಾಗ ಹಿಂಡು ಹೋಗಿ ತಿರುಗಿ ಬಂದಿರತೈತಿ. ನನಗ ಅದು ಬೇಕು."

ಅವಳು ಬೆರಳು ತೋರಿಸಿದ್ದು ನಮ್ಮ ಕಡೆಗೆ.

"ಕಡಿಯೂ ನಾಯೇನು?"

"ಹಗ್ಗ ಜಗ್ಗಿದ ಮ್ಯಾಲ ಕಡದೈತಿ, ಅದಕ್ಕಿಂತ ಮೊದಲ ಅಲ್ಲ. ಕಡದ ಕೂಡ್ಲೇ ಬಿಟ್ಟೈತಿ. ಬಿಡಾಕ ಬರೂ ನಾಯಿಗೆ ಕಲಸಾಕ ಬರತೈತಿ."

ಮುತ್ತೆಪ್ಪ ಹಗ್ಗವನ್ನು ಅವಳ ಕಾಲ ಬಳಿ ಎಸೆದ. "ಒಯ್ರಿ ವೈನಿ. ದೀಪಾವಳಿಗೆ ಕುರಿ ಹೊಡಕೊಂಡು ನನ್ನ ದಡ್ಡಿಗೇ ಬರ್ತೀರಿ."

"ಇನ್ನೊಂದು ಮರಿ ಕಡದ್ರ ನಾಯಿ ಉಳಿಯೂದಿಲ್ಲ, ಈಗ ಹೇಳೀನಿ," ಎಂದ ಅಮೋಘಪ್ಪ.

ಜಕ್ಕವ್ವನಿಗೆ ಮೊದಲು ನನ್ನನ್ನು ಬಿಚ್ಚಬೇಕಿತ್ತು. ನಾಯಿ ಕೈ ಹತ್ತಿರ ಬಿಡಲಿಲ್ಲ. ಅವಳು ಒತ್ತಾಯಿಸಲಿಲ್ಲ, ನಾಯಿಗೆ ಬೆನ್ನು ಹಾಕಿ ಕೂತು ಕದಿರಿನಲ್ಲಿ ಉಣ್ಣೆ ನೂಲತೊಡಗಿದಳು. ಒಂದು ದಿನ ನೂತಳು. ಎರಡನೆಯ ದಿನವೂ ನೂತಳು. ಮೂರನೆಯ ದಿನ ಸಂಜೆಗೆ ಮುಂಚೆ ನಾಯಿ ತಾನಾಗಿಯೇ ಬಂದು ಅವಳ ಬೆನ್ನು ಮೂಸಿ, ಪಕ್ಕದಲ್ಲಿ ಕುಳಿತಿತು. ಅವಳ ಬೆರಳು ಕೊಂಡಿಗೆ ಬಂತು. ಮೊಳೆಗಳು ಒಂದೊಂದಾಗಿ ಗಾಯದಿಂದ ಹೊರಬಂದವು. ಅವಳು ನನ್ನನ್ನು ಗುಡಿಸಲ ಬಾಗಿಲ ಕಂಬಕ್ಕೆ ನೇತುಹಾಕಿ, ಗಾಯಕ್ಕೆ ಅರಿಸಿನ ಹಚ್ಚಿದಳು.

ಹೆಸರನ್ನೂ ಬಿಚ್ಚಿದಳು. 'ಟೈಗರ್' ಎಂದರೆ ಸಾಕು, ನಾಯಿ ಕುತ್ತಿಗೆ ಕುಗ್ಗಿಸುತ್ತಿತ್ತು; ಆ ಹೆಸರಿನ ಬೆನ್ನಿಗೇ ಹಗ್ಗ ಬಿಗಿಯುತ್ತಿತ್ತಲ್ಲ. ಮೈಬಣ್ಣ ನೋಡಿ 'ಗೆಣಸ್ಯಾ' ಎಂದು ಕರೆದಳು.

ಮಗ್ಗದ ಗುಂಡಿಯಿಂದ ಸೋಮಪ್ಪ ತಲೆಯೆತ್ತಿದ. "ಹುಲಿ ಹೋಗಿ ಗೆಣಸಾತು. ನಾಳೆ ನನಗೂ ಬದನಿಕಾಯಿ ಅಂತಿ."

"ನಿಮಗ ಬದನಿಕಾಯಿ ಅಂದ್ರ ಓಡಿ ಬರ್ತೀರೇನು?"

"ಎಣ್ಣಿಗಾಯಿ ಮಾಡಿದ್ರ ಬರ್ತೀನಿ. ಸೊಂಟ ಇಲ್ಲದಿದ್ರೂ ಬರ್ತೀನಿ."

ಅವಳ ಪಾಠ ನೋಡಲು ಏನೂ ಇರಲಿಲ್ಲ. ಹಲ್ಲು ಉದುರಿದ ಮುದಿ ಕುರಿಯೊಂದನ್ನು ದೂರದ ಇಳಿಜಾರಿನಲ್ಲಿ ಕಟ್ಟುತ್ತಿದ್ದಳು. ಗೆಣಸ್ಯಾ ಅದರ ಕಡೆ ನೋಡಿದೊಡನೆ, ಗುರ್ರೆನ್ನುವ ಮೊದಲೇ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು ಕೊಡುತ್ತಿದ್ದಳು. ಕುರಿ ಕಂಡಿತು, ರೊಟ್ಟಿ ಬಂತು. ಕುರಿ ಕಂಡಿತು, ರೊಟ್ಟಿ ಬಂತು. ಗುರ್ರೆಂದರೆ ಬೈಯುತ್ತಿರಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೂರುತ್ತಿದ್ದಳು. ದಿನಕ್ಕೆ ಒಂದು ಹೆಜ್ಜೆ ಮುಂದೆ. ಕೆಲವು ದಿನ ಅದೂ ಇಲ್ಲ. ಬಾಗಿಲ ಕಂಬದಲ್ಲಿ ನೇತಾಡುತ್ತಿದ್ದ ನನಗೆ ಇಡೀ ಇಳಿಜಾರು ಕಾಣುತ್ತಿತ್ತು. ಮೊಳೆಗಳಿಂದ ಒಂದು ವಾರದಲ್ಲಿ ಆಗದ್ದು ರೊಟ್ಟಿಯಿಂದ ಮೂರು ತಿಂಗಳಲ್ಲಾದರೂ ಆದೀತೇ ಎಂದು ನನಗೇ ನಂಬಿಕೆಯಿರಲಿಲ್ಲ.

"ವೈನಿ, ಸಾಲಿ ತಗದೀರೇನು?" ಮುತ್ತೆಪ್ಪ ದಾರಿಯಲ್ಲೇ ನಿಂತು ಕೂಗಿದ.

"ಹೌಂದಪಾ. ನೀನೂ ಬಾ, ಹಿಂದ ಕುಂದ್ರು. ನಿನಗೂ ರೊಟ್ಟಿ ಕೊಡ್ತೀನಿ."

ದಸರೆಯ ಹೊತ್ತಿಗೆ ನಾಯಿ ಕುರಿಯನ್ನು ಕಂಡರೆ ಬಾಲ ಅಲ್ಲಾಡಿಸಿ ಜಕ್ಕವ್ವನ ಕೈ ನೋಡತೊಡಗಿತು. ಆಮೇಲೆ ಕೈ ನೋಡುವುದನ್ನೂ ಬಿಟ್ಟಿತು. ಮುದಿ ಕುರಿಯ ಬೆನ್ನಿಗೆ ಬೆನ್ನು ಹಚ್ಚಿ ಮಲಗಿತು.

ದೀಪಾವಳಿಗೆ ಎಂಟು ದಿನ ಉಳಿದಾಗ ಆತುರ ಅವಳಿಗೂ ತಗುಲಿತು. ಒಂದು ಬೆಳಿಗ್ಗೆ ಎಳೆಯ ಮರಿಗಳನ್ನೆಲ್ಲ ಒಮ್ಮೆಗೇ ನಾಯಿಯ ಮೇಲೆ ಬಿಟ್ಟುಬಿಟ್ಟಳು. ಒಂದು ಮರಿ ಓಡಿ ಬಂದು ಗೆಣಸ್ಯಾನ ಕುತ್ತಿಗೆಯ ಹಳೆಯ ಗಾಯಕ್ಕೇ ಡಿಕ್ಕಿ ಹೊಡೆಯಿತು. ನಾಯಿ ಹಲ್ಲು ಕಿಸಿದು ಗಾಳಿಯನ್ನು ಕಚ್ಚಿತು. ಹಲ್ಲು ತಾಗಲಿಲ್ಲ. ಆದರೆ ಮರಿಗಳು ಚೆಲ್ಲಾಪಿಲ್ಲಿಯಾದವು. ದಡ್ಡಿಯ ಬೇಲಿಗೆ ಒರಗಿದ್ದ ಮುತ್ತೆಪ್ಪ ಚಪ್ಪಾಳೆ ತಟ್ಟಿ ನಕ್ಕ.

"ನನ್ನ ದಡ್ಡಿ ಬಾಗಲಾ ಈಗ ತಗೀಲೇನು ವೈನಿ?"

ಜಕ್ಕವ್ವ ದಡದಡನೆ ಗುಡಿಸಲಿಗೆ ಬಂದಳು. ಮುಖ ಕೆಂಪಗಿತ್ತು. ಅಂದು ನೇತುಹಾಕಿದ ಮೇಲೆ ಅವಳ ಕೈ ಮೊದಲ ಬಾರಿಗೆ ನನ್ನ ಮೇಲೆ ಬಂತು. ನನ್ನನ್ನು ಕಂಬದಿಂದ ಕಿತ್ತುಕೊಂಡಿತು. ಆಡಿನ ತೊಗಲು ಹೊರಗೇ ಇತ್ತು. ಮೊಳೆ ಒಳಗೇ ಇದ್ದವು.

ಬಾಗಿಲಲ್ಲಿ ನಿಂತಿದ್ದ ನಾಯಿ ನನ್ನನ್ನು ಕಂಡಿತು. ಓಡಿಹೋಗುತ್ತದೆಂದುಕೊಂಡೆ. ಓಡಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ ಅವಳ ಪಾದದ ಬಳಿಗೆ ಬಂದು, ಕಣ್ಣು ಮುಚ್ಚಿ, ತಾನೇ ಕುತ್ತಿಗೆ ನೀಡಿತು.

ಜಕ್ಕವ್ವ ನನ್ನನ್ನು ಮೂಲೆಗೆ ಎಸೆದು, ಒದ್ದೆ ನೆಲದ ಮೇಲೆ ನಾಯಿಯ ಪಕ್ಕ ಕುಕ್ಕರಿಸಿದಳು.

"ತಪ್ಪು ನಂದೈತಿ," ಎಂದಳು.

ಮಗ್ಗದ ಸದ್ದು ನಿಂತಿತ್ತು. "ಎಂಟು ದಿನ ಅದಾವ. ಹೆಂಗ ಮಾಡ್ತಿ?" ಎಂದು ಸೋಮಪ್ಪ ಮೆಲ್ಲಗೆ ಕೇಳಿದ.

"ಮೊದಲಿಂದ."

ಮರುದಿನ ಬೆಳಿಗ್ಗೆ ಮುದಿ ಕುರಿ ಮತ್ತೆ ದೂರದ ಇಳಿಜಾರಿನಲ್ಲಿ ನಿಂತಿತ್ತು. ತೊಗಲು ನೆಲದಲ್ಲಿದ್ದರೆ ಇಲಿ ಕಡಿಯುತ್ತವೆಂದು ಸೋಮಪ್ಪ ನನ್ನನ್ನು ಮತ್ತೆ ಕಂಬಕ್ಕೆ ಹಾಕಿದ್ದರಿಂದ, ನಾನು ಮುಂದಿನದನ್ನು ನೋಡುವಂತಾಯಿತು. ಈ ಸಲ ನಾಯಿ ಬೇಗ ಬೇಗ ಹತ್ತಿರ ಬಂತು. ಒಂದು ದಿನಕ್ಕೆ ಹತ್ತು ಹೆಜ್ಜೆ. ಅವಳು ಮರಿಗಳನ್ನು ಒಂದೊಂದಾಗಿಯೇ ಬಿಟ್ಟಳು.

ದೀಪಾವಳಿಯ ಹಿಂದಿನ ದಿನ, ನಡು ಮಧ್ಯಾಹ್ನ. ಜಕ್ಕವ್ವ ಕೊಡ ಹೊತ್ತು ಹಳ್ಳಕ್ಕೆ ಹೋಗಿದ್ದಳು. ಅವಳ ಹಿಂಡಿನ ಒಂದು ಕುರಿ ಬಂಡೆಯ ಪಕ್ಕ ಮಲಗಿ ಮರಿ ಹಾಕಿತು. ಚೊಚ್ಚಲು; ತಾಯಿಗೆ ಏಳುವ ತ್ರಾಣವಿರಲಿಲ್ಲ. ಲೋಳೆ ಆರದ ಮರಿಯ ಸುತ್ತ ಕಾಗೆಗಳು ಇಳಿದವು. ಕಾಗೆಗಳಿಗೆ ಮೊದಲು ಬೇಕಾದದ್ದು ಕಣ್ಣು.

ಗೆಣಸ್ಯಾ ಓಡಿತು. ಮರದಡಿ ಅಡ್ಡಾಗಿದ್ದ ಅಮೋಘಪ್ಪ ನಾಯಿ ಮರಿಯ ಕಡೆ ನುಗ್ಗುವುದನ್ನು ಕಂಡು ಕೊಡಲಿ ಹಿಡಿದು ಎದ್ದ.

"ನಿಲ್ಲರಿ ಕಾಕಾ!" ದಿಬ್ಬವೇರುತ್ತಿದ್ದ ಜಕ್ಕವ್ವ ಕೂಗಿದಳು. ಕೊಡ ಉರುಳಿತು. "ನಿಮ್ಮ ಕಾಲ ಬೀಳ್ತೀನಿ, ಒಂದ ಗಳಿಗಿ ನೋಡ್ರಿ!"

ಅಮೋಘಪ್ಪ ಕೊಡಲಿ ಎತ್ತಿಕೊಂಡೇ ನಿಂತ. ನಾಯಿ ಕಾಗೆಗಳ ನಡುವೆ ಹಾರಿತು. ಅವು ಕೂಗುತ್ತ ಮೇಲೆದ್ದವು. ಬಂಡೆಯ ಸುತ್ತ ಒಂದು ಸುತ್ತು ಹಾಕಿತು. ತಾಯಿಕುರಿ ಕಷ್ಟಪಟ್ಟು ಎದ್ದು ಕಾಲಿನಿಂದ ನೆಲ ಬಡಿಯಿತು. ನಾಯಿ ಮುಖ ಬೇರೆಡೆಗೆ ತಿರುಗಿಸಿ, ಎರಡು ಮೊಳ ದೂರ ಸರಿದು, ಮರಿಗೆ ಬೆನ್ನು ಹಾಕಿ ಮಲಗಿತು. ಅದರ ಕಣ್ಣು ಆಕಾಶದ ಕಡೆಗಿತ್ತು.

ಅಮೋಘಪ್ಪ ಕೊಡಲಿ ಇಳಿಸಿದ. "ದಡ್ಡಿಯ ಮೂಡಣ ಮೂಲಿ ನಿಂದವಾ," ಎಂದ. ಅಂದರೆ ಅವಳ ಕುರಿಗಳು ಅವಳ ಗುರುತಿನಲ್ಲೇ ಹೊರಡುತ್ತವೆ.

ನಾನು ಆ ವಲಸೆಗೆ ಹೋಗಲಿಲ್ಲ, ಆಮೇಲೆ ಯಾವುದಕ್ಕೂ ಹೋಗಲಿಲ್ಲ. ಈಗ ಮುತ್ತೆಪ್ಪನ ಮನೆಯ ಅಟ್ಟದ ಮೇಲೆ, ಮುರಿದ ಕುಡುಗೋಲು ಮತ್ತು ತುಂಡು ಹಗ್ಗಗಳ ನಡುವೆ ಇದ್ದೇನೆ. ತೊಗಲು ಸೀಳಿದೆ, ಮೊಳೆಗಳಿಗೆ ತುಕ್ಕು ಹಿಡಿದಿದೆ. ಮುಂಗಾರಿಗೆ ಹಿಂಡು ಮರಳಿದಾಗ ಹಂಚಿನ ಸಂದಿಯಿಂದ ಗೆಣಸ್ಯಾ ಕಾಣುತ್ತದೆ. ಕೊರಳಲ್ಲಿ ಬೇರೊಂದು ಪಟ್ಟಿ, ಮೊಳೆಗಳೆಲ್ಲ ಹೊರಗೆ. ಮೊಳೆಗೆ ತಾನು ಯಾವ ಕಡೆ ನೋಡಬೇಕೆಂದು ಆರಿಸಿಕೊಳ್ಳುವ ಹಕ್ಕಿಲ್ಲ, ಕೈಗೆ ಇದೆ ಎಂದು ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಅದು ನಿಜವೇ. ಆದರೂ ಆ ಕುತ್ತಿಗೆಗೆ ಇಳಿದದ್ದು ನಾನೇ, ಕೈಯಲ್ಲ.

ಆ ಸಲ ಹಿಂಡು ಹೊರಟ ದಿನ ಬೆಳಿಗ್ಗೆ ಮಾತ್ರ ನನಗೆ ದೊಡ್ಡ ಆಸೆಯಿತ್ತು. ಸೋಮಪ್ಪನಿಂದ ನನ್ನನ್ನು ಕೇಳಿ ಪಡೆದವನು ಮುತ್ತೆಪ್ಪ. ಅವನು ರಾತ್ರಿಯೇ ಎಣ್ಣೆ ಹಚ್ಚಿದ್ದ, ಮೊಳೆಗಳನ್ನು ಕಲ್ಲಿಗೆ ಉಜ್ಜಿ ಹೊಳಪು ತರಿಸಿದ್ದ. ಕಾಳವ್ವ ಮಾಡಿದ ಹಾಗೆಯೇ ಮೊಳೆ ಹೊರಗೆ, ಮೆತ್ತನೆಯದು ಒಳಗೆ ಇರುವಂತೆ ತಿರುವಿದ್ದ. ಕುರಿಗಳ ಹಣೆಗೆ ಅರಿಸಿನದ ಭಂಡಾರ ಹಚ್ಚಿ ಆಗಿತ್ತು. ಎಲ್ಲರೆದುರು ಅವನು ಎರಡೂ ಕೈಯಲ್ಲಿ ನನ್ನನ್ನು ನೀಡಿದ.

"ವೈನಿ, ನನ್ನ ಕಡಿಂದ ತಪ್ಪಾಗೈತಿ. ಅಪ್ಪನ ಪಟ್ಟಿ ಇದು, ರಾಣೀನ ಉಳಿಸಿದ್ದು. ನೋಡ್ರಿ, ಸರಿಯಾಗಿ ತಿರುವೀನಿ. ಗೆಣಸ್ಯಾಗ ಹಾಕ್ರಿ."

"ಹಾಕವಾ," ಎಂದ ಅಮೋಘಪ್ಪ. "ಹೊಳಿ ದಾಟಿದ್ರ ತ್ವಾಳದ ಸೀಮಿ. ಬರೀ ಕೊಳ್ಳಾಗ ನಾಯಿ ಒಯ್ಯಬಾರದು. ದೊಡ್ಡ ಮನಸು ಮಾಡಿ ಕೊಡಾಕತ್ತಾನ, ತಗೋ."

ಜಕ್ಕವ್ವ ನನ್ನನ್ನು ನೋಡಲಿಲ್ಲ. ಅವಳ ಕಾಲ ಬಳಿ ನಾಯಿಯ ಹೊಟ್ಟೆ ಆಗಲೇ ನೆಲಕ್ಕಿಳಿಯುತ್ತಿತ್ತು. ಅವಳು ಅದರ ಮುಂದೆ ಅಡ್ಡ ನಿಂತು, ಕೋಲನ್ನು ಹೆಗಲಿಗೇರಿಸಿದಳು.

"ಹೊಸಾದು ಹೊಲಿಯಾಕ ಕೊಟ್ಟೀನಿ, ಮುಂದಿನ ಸಂತ್ಯಾಗ ಸಿಗತೈತಿ. ಅಲ್ಲೀ ತನ ಇದರ ಕುತಿಗಿ ನಾ ಕಾಯ್ತೀನಿ. ಇದು ಬ್ಯಾಡ."

"ಅಲ್ಲ ವೈನಿ, ತಿರುವೀನಿ ಅಂತ ಹೇಳಿದ್ನಲ್ಲ..."

"ಬ್ಯಾಡ."