ಉಗ್ರಾಣದಲ್ಲಿ ಬಿಸಿನೀರಿನ ತೊಟ್ಟಿ

ಬಡಗಿಯ ತಲೆಗೆ ಏನಾದರೂ ಹೊಕ್ಕರೆ ಮನೆಯಲ್ಲಿ ಒಂದು ಜಾಗ ಹೋಯಿತು ಎಂದೇ ಲೆಕ್ಕ. ಈ ಚಳಿಗಾಲದಲ್ಲಿ ಅಡುಗೆಮನೆ ಪಕ್ಕದ ಉಗ್ರಾಣದ ಸರದಿ. ಬೆಳಿಗ್ಗೆ ಒಲೆ ಉರಿಯುವಾಗ ಸುಮ್ಮನೆ ಪೋಲಾಗುವ ಶಾಖವನ್ನು ನೀರಿನಲ್ಲಿ ಹಿಡಿದಿಟ್ಟು, ಸಂಜೆ ಆ ನೀರನ್ನು ಕೋಣೆಕೋಣೆಗೂ ಪೈಪಿನಲ್ಲಿ ಹರಿಸಿ ಮನೆ ಬೆಚ್ಚಗಿಡುವುದು ಅವನ ಆಸೆ.

ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಒಳಗೆ ದಪ್ಪ ರಬ್ಬರ್ ಹಾಳೆ, ಹೊರಗೆ ಪದರ ಪದರ ಥರ್ಮಾಕೋಲ್. ಒಂದು ಬದಿಗೆ ಥರ್ಮಾಕೋಲ್ ಸಾಲದೇ ಹೋದಾಗ ಅವನ ಕಣ್ಣು ಮಂಚದ ಮೇಲೆ ಬಿತ್ತು.

“ರೀ, ನನ್ನ ರಜಾಯಿ ಎಲ್ಲಿ?” ಎಂದಳು ಹೆಂಡತಿ.

“ತೊಟ್ಟಿಗೆ ಹೊದಿಸಿದೀನಿ ಕಣೇ.”

“ಯಾಕೆ, ಅದಕ್ಕೆ ಚಳಿಜ್ವರ ಬಂದಿದ್ಯಾ?”

ಪ್ಲಂಬರ್ ಕೆಲಸದ ಭಾಮೈದ ಬಂದು ಪೈಪು ಜೋಡಿಸಿದ. ನೀರು ಕಾಯಿತು. ಮಗಳ ಮನೆಯಲ್ಲೇ ಇದ್ದ ಅತ್ತೆ ಬಂದು ತೊಟ್ಟಿ ಮುಟ್ಟಿ ನೋಡಿದರು.

“ತಣ್ಣಗಿದೆಯಲ್ಲ!”

“ಹೊರಗೆ ತಣ್ಣಗಿದ್ರೇನೇ ಅತ್ತೆ, ಒಳಗೆ ಬಿಸಿ ಭದ್ರವಾಗಿದೆ ಅಂತ ಅರ್ಥ.”

“ಹಾಗಾದ್ರೆ ಹಿತ್ತಿಲ ಬಾವೀನೂ ಕುದೀತಿದೆ ಅನ್ನಿ.”

ಆ ಸಂಜೆ ಮನೆ ನಿಜವಾಗಿಯೂ ಬೆಚ್ಚಗಾಯಿತು. ಬಡಗಿ ಎದುರುಮನೆಯವರನ್ನೂ ಕರೆದು ತೋರಿಸಿದ. ಆದರೆ ದಿನ ಕಳೆದಂತೆ ಸಂಜೆಯ ನೀರು ಉಗುರುಬೆಚ್ಚಗಾಗತೊಡಗಿತು. ಅವನು ಭಾಮೈದನ ಮೇಲೆ ಹರಿಹಾಯ್ದ.

“ನನ್ನ ಜಾಯಿಂಟಲ್ಲಿ ಒಂದು ಹನಿ ಸೋರಿದ್ರೆ ಮೀಸೆ ಬೋಳಿಸ್ಕೋತೀನಿ, ಭಾವ!” ಎಂದ ಅವನು. ಒಂದೊಂದು ಜಾಯಿಂಟನ್ನೂ ತಡವಿ ನೋಡಿದರು. ಮೀಸೆ ಉಳಿಯಿತು.

ಮರುದಿನ ಬಡಗಿ ಮಧ್ಯಾಹ್ನವೇ ಕೆಲಸ ಬಿಟ್ಟು ಮನೆಗೆ ಬಂದ. ಸದ್ದಿಲ್ಲದೆ ಉಗ್ರಾಣದ ಬಾಗಿಲು ತಳ್ಳಿದ. ತೊಟ್ಟಿಗೆ ಹೊದಿಸಿದ್ದ ರಜಾಯಿ ಅತ್ತೆಯ ಹೆಗಲ ಮೇಲಿತ್ತು. ಅವರು ಬರಿಯ ಪ್ಲೈವುಡ್ಡಿಗೆ ಬೆನ್ನು ಕೊಟ್ಟು ಹಾಯಾಗಿ ಅವರೆಕಾಳು ಬಿಡಿಸುತ್ತಿದ್ದರು. ಪಕ್ಕದಲ್ಲಿ ಎದುರುಮನೆಯ ಅಜ್ಜಿ, ಅವರ ಮಡಿಲಲ್ಲಿ ಬೆಕ್ಕು.

“ಶಾಖ ಎಲ್ಲೂ ಸೋರಿಲ್ಲ, ಅಳಿಯಂದಿರೇ,” ಎಂದರು ಅತ್ತೆ, ಕೈಕೆಲಸ ನಿಲ್ಲಿಸದೆ. “ನಮ್ಮ ಬೆನ್ನಲ್ಲಿದೆ.”

ಬಡಗಿಗೆ ಸಿಟ್ಟು ನೆತ್ತಿಗೇರಿತ್ತು. “ನಿಮ್ಮ ಕೋಣೆಗೂ ಪೈಪ್ ಹಾಕಿಸಿದೀನಲ್ಲ ಅತ್ತೆ!”

“ಹಾಕಿಸಿದೀರಿ, ಇಲ್ಲ ಅನ್ನಲ್ಲ. ಎಲ್ಲರ ಕೋಣೆ ಸುತ್ತಿ ನನ್ನ ಹತ್ರ ಬರೋ ಹೊತ್ತಿಗೆ ಆ ನೀರಿಗೇ ನಡುಕ ಬಂದಿರುತ್ತೆ.”

ಪೈಪಿನ ದಾರಿ ಗುರುತು ಹಾಕಿದವನು ಬಡಗಿಯೇ. ಮೊದಲು ತನ್ನ ಮಲಗುವ ಕೋಣೆ, ಕಟ್ಟಕಡೆಗೆ ಅತ್ತೆಯದು. ಭಾನುವಾರ ಭಾಮೈದನ ಮುಂದೆ ತಲೆ ತಗ್ಗಿಸಿ ನಿಂತು ಪೈಪನ್ನು ತಿರುಗಿಸಿ ಹಾಕಿಸಿದ. ಈಗ ಬಿಸಿನೀರು ಮೊದಲು ಅತ್ತೆಯ ಕೋಣೆಗೆ ಹೋಗುತ್ತದೆ.

“ಸುಖವಾಗಿದೆಯಾ ಅತ್ತೆ?”

“ಸುಖವೇ. ಆದ್ರೆ ಕೋಣೇಲಿ ಒಬ್ಬಳೇ ಕೂತು ಯಾರ ಹತ್ರ ಮಾತಾಡ್ಲಿ?”

ಬಡಗಿ ನಿಟ್ಟುಸಿರು ಬಿಟ್ಟು ಉಗ್ರಾಣಕ್ಕೆ ಒಂದು ಉದ್ದನೆಯ ಬೆಂಚು ಮಾಡಿಟ್ಟ. ಮೊದಲ ದಿನವೇ ಅದರ ಮೇಲೆ ಅವನಿಗೆ ಜಾಗ ಸಿಗಲಿಲ್ಲ.