ಅಪ್ಪನ ಸಲೂನಿನ ಇಂಟರ್‌ವ್ಯೂಗಳು

ಶೇವಿಂಗ್ ಸೋಪಿನ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ಪುಟ್ಟಿಗೆ ಮಾತ್ರ ಇಂಟರ್‌ವ್ಯೂ ನೆನಪಾಗುತ್ತದೆ. ಈಗ ಅವಳ ತಲೆಯೂ ಅರ್ಧ ನರೆತಿದೆ, ಪುಟ್ಟಿ ಎಂದು ಕರೆಯುವವರು ಯಾರೂ ಉಳಿದಿಲ್ಲ. ಆದರೂ ಆ ವಾಸನೆ ಬಂದರೆ ಸಾಕು, ಮತ್ತೆ ಶಾಲೆಯ ಹುಡುಗಿಯಾಗಿ ಅಪ್ಪನ ಸಲೂನಿನಲ್ಲಿ ನಿಂತುಬಿಡುತ್ತಾಳೆ.

ಆ ವರ್ಷ ಕೊನೆಯ ಪರೀಕ್ಷೆ ಇನ್ನೂ ದೂರವಿರುವಾಗಲೇ ಪ್ರವೇಶ ಪರೀಕ್ಷೆ ಬರೆದಿದ್ದ ದೊಡ್ಡ ಕಾಲೇಜಿನಿಂದ ಸೀಟು ಸಿಕ್ಕಿದ ಪತ್ರ ಬಂತು. ಪುಟ್ಟಿಗೂ ಬಂತು, ಅವಳ ಜೀವದ ಗೆಳತಿ ಕಡ್ಡಿಗೂ ಬಂತು. ಇಬ್ಬರೂ ನಡುಬೀದಿಯಲ್ಲೇ ಕುಣಿದರು. ಕುಣಿದು ಸುಸ್ತಾದ ಮೇಲೆ ಕೊನೆಯ ಸಾಲು ಓದಿದರು: ಮೆರಿಟ್ ಸ್ಕಾಲರ್‌ಶಿಪ್ ಒಂದು ಶಾಲೆಗೆ ಒಂದೇ, ಅದಕ್ಕೆ ಇಂಟರ್‌ವ್ಯೂ ಇರುತ್ತದೆ. ಅದಿಲ್ಲದೆ ಆ ಕಾಲೇಜಿನ ಮೆಟ್ಟಿಲು ಹತ್ತುವ ತಾಕತ್ತು ಕ್ಷೌರಿಕನ ಮಗಳಿಗೂ ಇರಲಿಲ್ಲ, ತಾಯಿಯ ಹೊಲಿಗೆಯಿಂದ ಬದುಕುತ್ತಿದ್ದ ಕಡ್ಡಿಗೂ ಇರಲಿಲ್ಲ.

ಬೇರೆ ಯಾವ ಅಪ್ಪನಾಗಿದ್ದರೂ ತನ್ನ ಮಗಳೊಬ್ಬಳನ್ನೇ ಕೂರಿಸಿ ತಯಾರಿ ಮಾಡಿಸುತ್ತಿದ್ದ. ಈ ಅಪ್ಪನ ದಾರಿಯೇ ಬೇರೆ.

"ಕಡ್ಡಿನೂ ಬರ್ಲಿ. ಇಬ್ರಿಗೂ ಒಟ್ಟಿಗೇ ಅಭ್ಯಾಸ ಆಗುತ್ತೆ," ಎಂದ. "ನಮ್ಮ ಅಂಗಡೀಲಿ ಪ್ರಶ್ನೆ ಕೇಳೋರಿಗೇನು ಬರವಾ?"

ಅಂದಿನಿಂದ ಕುರ್ಚಿ ಏರಿದ ಗಿರಾಕಿಗಳೆಲ್ಲ ಪರೀಕ್ಷಕರಾದರು. ಪ್ರಶ್ನೆ ಕೇಳದವರ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದ. ಬಸ್ ಡ್ರೈವರ್ ಮುಖದ ತುಂಬ ನೊರೆ ಹಚ್ಚಿಸಿಕೊಂಡು, "ಓದಿ ಯಾರನ್ನಮ್ಮಾ ಉದ್ಧಾರ ಮಾಡ್ತೀಯ?" ಎಂದು ಗದರುತ್ತಿದ್ದ. ರಿಟೈರಾದ ಮೇಷ್ಟ್ರು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿ, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಕಡ್ಡಿ ಅತಿಥಿ, ಅವಳಿಗೆ ಕೆಲಸವಿಲ್ಲ. ಕನ್ನಡಿಯ ಪಕ್ಕದ ಸ್ಟೂಲಿನಲ್ಲಿ ಗಿರಾಕಿಗೆ ಎದುರಾಗಿ ಕೂತು ಉತ್ತರಿಸುತ್ತಿದ್ದಳು. ಪುಟ್ಟಿ ಕುರ್ಚಿಯ ಹಿಂದೆ ಅಪ್ಪನ ಪಕ್ಕ ನಿಂತು, ಬಿಸಿನೀರು ಟವೆಲ್ ಕೊಡುತ್ತಾ, ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಪಟಪಟನೆ ಉತ್ತರ ಹೇಳುತ್ತಿದ್ದಳು. ಅಪ್ಪ ಜೀವಮಾನವಿಡೀ ಜನರ ಜೊತೆ ಮಾತಾಡಿದ್ದೂ ಹಾಗೆಯೇ. ಎಂಥ ದಿನಗಳವು! ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಒಬ್ಬಳಿಗೆ ಸಿಕ್ಕರೆ ಇನ್ನೊಬ್ಬಳಿಗಿಲ್ಲ ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು.

ಇಂಟರ್‌ವ್ಯೂ ದಿನ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ಮೊದಲ ಪ್ರಶ್ನೆ ಬಂದಿದ್ದೇ ತಡ, ಪುಟ್ಟಿಯ ಕಣ್ಣು ತಾನಾಗಿಯೇ ಅವರ ತಲೆಯ ಮೇಲಿಂದ ಹಿಂದಿನ ಗೋಡೆಗೆ ಹೋಗಿ ಕನ್ನಡಿ ಹುಡುಕಿತು. ಅಲ್ಲಿದ್ದದ್ದು ಬರೀ ಸುಣ್ಣದ ಗೋಡೆ.

"ಯಾರನ್ನಮ್ಮಾ ನೋಡ್ತಿದೀಯ? ನಮ್ಮ ಹಿಂದೆ ಯಾರೂ ಇಲ್ವಲ್ಲ," ಎಂದರು ನಡುವೆ ಕೂತಿದ್ದ ಮೇಡಂ.

ಪುಟ್ಟಿ ತಬ್ಬಿಬ್ಬಾದಳು. ಆ ಮುಖವನ್ನು ನೇರವಾಗಿ ನೋಡಿದರೆ ಉತ್ತರ ಅರ್ಧಕ್ಕೇ ತಪ್ಪಿಹೋಗುತ್ತಿತ್ತು, ಕಣ್ಣು ಮತ್ತೆ ಗೋಡೆಗೇ ಹೋಗುತ್ತಿತ್ತು. ಮನೆಗೆ ಬಂದು ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದಳು.

ಸ್ಕಾಲರ್‌ಶಿಪ್ ಕಡ್ಡಿಗೆ ಸಿಕ್ಕಿತು. ಓಡಿ ಬಂದವಳು ಅಂಗಡಿಯ ಬಾಗಿಲಲ್ಲೇ ತಪ್ಪಿತಸ್ಥಳ ಹಾಗೆ ನಿಂತಳು. ಪುಟ್ಟಿಯೇ ಹೋಗಿ ಅಪ್ಪಿಕೊಂಡಳು. ಅಪ್ಪಿಕೊಂಡದ್ದೂ ನಿಜ, ಹೊಟ್ಟೆ ಉರಿದದ್ದೂ ನಿಜ. ಅಪ್ಪನೋ, ಬಂದ ಬಂದ ಗಿರಾಕಿಗೆಲ್ಲ "ನಮ್ಮ ಹುಡುಗೀಗೇ ಸಿಕ್ತು" ಎಂದು ಡಂಗುರ ಸಾರುತ್ತಿದ್ದ.

ಕೊನೆಯ ಗಿರಾಕಿ ಎದ್ದುಹೋಗುವ ತನಕ ಪುಟ್ಟಿ ಹಲ್ಲುಕಚ್ಚಿ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಅಪ್ಪಾ, ಹಾಗಾದ್ರೆ ನಾನು ಯಾರ ಹುಡುಗಿ?"

ಕನ್ನಡಿಯಲ್ಲೇ ಅವಳನ್ನು ನೋಡಿದ ಅಪ್ಪ ಏನೋ ಹೇಳಹೊರಟು ನಿಲ್ಲಿಸಿದ. ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಬಂದು ಕೂತ. ಅಭ್ಯಾಸವಿಲ್ಲದ ಕಣ್ಣು ಅತ್ತಿತ್ತ ಹೊರಳಿ, ಕಡೆಗೆ ಅವಳ ಮುಖದ ಮೇಲೆ ನಿಂತಿತು.

"ನಿಂಗೇ ಸಿಗ್ಲಿ ಅಂತ ದಿನಾ ಆಸೆ ಪಟ್ಟೆ ಕಣೇ," ಎಂದ. "ಅವಳನ್ನ ಕರೆದಿದ್ದಕ್ಕೆ ನಂಗೆ ಬೇಜಾರಿಲ್ಲ. ನಿನ್ನೂ ಅವಳ ಜೊತೆ ಎದುರಿಗೆ ಕೂರಿಸ್ಬೇಕಿತ್ತು. ಟವೆಲ್ ನಾನೇ ತಗೋಬಹುದಿತ್ತು... ನೀನು ಪಕ್ಕದಲ್ಲಿದ್ರೆ ನಂಗೆ ಚೆನ್ನಾಗಿರ್ತಿತ್ತು, ಅದಕ್ಕೇ ನಿಲ್ಲಿಸ್ಕೊಂಡೆ."

ಕಡ್ಡಿ ಆ ಕಾಲೇಜಿಗೆ ಹೋದಳು. ಪುಟ್ಟಿ ಊರಿನ ಸಣ್ಣ ಕಾಲೇಜಿಗೆ ಸೇರಿ, ಸಂಜೆ ಮಾತ್ರ ಅಂಗಡಿಗೆ ಬಂದು ಅಪ್ಪನ ಪಕ್ಕದಲ್ಲೇ ನಿಂತಳು. ಆ ಸಂಜೆಗಳನ್ನು ವಾಪಸ್ ಕೊಡು, ದೊಡ್ಡ ಕಾಲೇಜನ್ನೇ ಕೊಡುತ್ತೇವೆ ಎಂದು ಈಗ ಯಾರಾದರೂ ಬಂದರೆ, ಅವಳು ಕೊಡುವುದಿಲ್ಲ.